ಪಾಠಕ್ಕೆ ನಿಂತ ಬೆನ್ನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫಿಸಿಯೋಥೆರಪಿ ಕಾಲೇಜಿನ ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ ಒಬ್ಬರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ತಮ್ಮದೇ ಭುಜ, ತೋಳು, ತೊಡೆಗಳನ್ನು ನೀವಿಕೊಳ್ಳುತ್ತಿದ್ದಾರೆ. ಚಳಿಗೆ ಮೈ ಸೆಟೆದುಕೊಂಡಿದ್ದರೆ ಕಲಿಯುವ ಮಕ್ಕಳ ಬೆರಳಿಗೆ ಸ್ನಾಯು ಸಿಗುವುದಿಲ್ಲವಂತೆ. ಕತ್ತು ಅತ್ತಿತ್ತ ತಿರುಗಿಸುತ್ತಾರೆ, ಸೊಂಟ ಬಾಗಿಸುತ್ತಾರೆ, ಕುಕ್ಕರುಗಾಲಲ್ಲಿ ಕೂತು ಏಳುತ್ತಾರೆ. ಮಂಡಿ ಲಟಕ್ಕೆನ್ನುತ್ತದೆ. "ಸುಮ್ನಿರು, ಇನ್ನೂ ಬೆಲ್ಲೇ ಆಗಿಲ್ಲ" ಎಂದು ಅದನ್ನೇ ಗದರುತ್ತಾರೆ.

ಬೆಲ್ ಆಗಿದ್ದೇ ತಡ, ಬಿಳಿ ಕೋಟಿನ ಹುಡುಗ ಹುಡುಗಿಯರು ಬಣ್ಣದ ಪೆನ್ಸಿಲು ಹಿಡಿದು ಮುತ್ತಿಕೊಳ್ಳುತ್ತಾರೆ. ಒಬ್ಬ ಕಾಲರ್ ಮೂಳೆಯುದ್ದಕ್ಕೂ ಕೆಂಪು ಗೆರೆ ಎಳೆಯುತ್ತಾನೆ. ಇನ್ನೊಬ್ಬಳು ಹಿಂದೆ ನಿಂತು ಬೆನ್ನಿನ ಮೇಲ್ಭಾಗದಲ್ಲಿರುವ ಚಪ್ಪಟೆ, ಮೂರು ಮೂಲೆಯ ಭುಜದ ಹಲಗೆಯನ್ನು ನೀಲಿಯಲ್ಲಿ ಬರೆಯುತ್ತಾಳೆ. ಮೀನಖಂಡಕ್ಕೆ ಹಸಿರು. "ಅಣ್ಣಾ, ಮೊಣಕೈ ಮಡಚಿ", "ಅಣ್ಣಾ, ಈಗ ಚಾಚಿ", "ಅಣ್ಣಾ, ಹಿಮ್ಮಡಿ ಎತ್ತಿ ನಿಲ್ತೀರಾ?" ಮಡಚಿದರೆ ಫ್ಲೆಕ್ಷನ್, ಚಾಚಿದರೆ ಎಕ್ಸ್‌ಟೆನ್ಷನ್, ತೋಳನ್ನು ಪಕ್ಕದಿಂದ ಮೇಲಕ್ಕೆತ್ತಿದರೆ ಅಬ್ಡಕ್ಷನ್. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿರುವುದನ್ನೆಲ್ಲ ಇವರು ಮೈಯಲ್ಲಿ ಮಾಡಿ ತೋರಿಸುತ್ತಾರೆ. ಕಾಲೇಜಿಗೆಲ್ಲ ಇವರು ಪಾಠದಣ್ಣ.

ಮೂಲೆಯಲ್ಲಿ ಕಬ್ಬಿಣದ ಕೊಕ್ಕೆಗೆ ಒಂದು ಅಸ್ಥಿಪಂಜರ ನೇತಾಡುತ್ತಿದೆ. ಅದರ ಕಡೆ ಕಣ್ಣು ಹೊಡೆದು ಪಾಠದಣ್ಣ ಹೇಳುತ್ತಾರೆ: "ಅವ್ರು ನಂಗಿಂತ ಸೀನಿಯರ್ರು. ಅವ್ರಿಗೆ ಕಚಗುಳಿ ಇಲ್ಲ, ನಂಗಿದೆ. ಕಷ್ಟ ಇರೋದೇ ಅಲ್ಲಿ." ಕಚಗುಳಿಯೆಂದರೆ ತಮಾಷೆಯಲ್ಲ ಸ್ವಾಮಿ! ಎಂಟು ಮಂದಿ ಸರದಿಯಂತೆ ಪಕ್ಕೆಲುಬು ಎಣಿಸುವಾಗ ನಗದೆ, ಕೆಮ್ಮದೆ, ಉಸಿರನ್ನೂ ಅಳೆದು ಬಿಡುತ್ತ ನಿಂತು ನೋಡಿದವರಿಗೇ ಗೊತ್ತು. ಒಂಟಿ ಕಾಲಲ್ಲಿ ನಿಲ್ಲಿಸಿಬಿಟ್ಟು, ಈ ಸ್ನಾಯು ಅದೋ ಇದೋ ಎಂದು ಮಕ್ಕಳು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರೆ ಇವರು ನಿಂತೇ ಇರಬೇಕು. ಉಗುರು ಬಿಟ್ಟುಕೊಂಡು ಬಂದವರನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. "ಹೋಗು ಮಗಾ, ಕತ್ತರಿಸ್ಕೊಂಡು ಬಾ. ನನ್ನ ಚರ್ಮ ಒಂದೇ ಇರೋದು."

ಮೊದಲು ಇವರು ಸಾಮಾನು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ಆ ದುಡಿಮೆಯೇ ಕಡೆದು ಕೊಟ್ಟ ಮೈ ಇದು. ಕೊಬ್ಬೆಂಬುದು ಹುಡುಕಿದರೂ ಇಲ್ಲ. ಒಮ್ಮೆ ಈ ಕಾಲೇಜಿಗೆ ಬೆಂಚುಗಳನ್ನು ಇಳಿಸಲು ಬಂದಾಗ ಅಂಗರಚನೆಯ ಮೇಡಂ ಮೆಟ್ಟಿಲ ಬಳಿ ನಿಂತು ಇವರ ಬೆನ್ನನ್ನೇ ದಿಟ್ಟಿಸುತ್ತಿದ್ದರಂತೆ. "ನಂಗೆ ಗಾಬರಿ. ಚೇಳೋ ಗೀಳೋ ಹತ್ತಿದೆ ಅನ್ಕೊಂಡೆ. ಏನಮ್ಮಾ ಅಂದ್ರೆ, ನಿಮ್ಮ ಬೆನ್ನು ಪುಸ್ತಕದ ಚಿತ್ರದ ಹಾಗಿದೆ, ಮಕ್ಕಳಿಗೆ ತೋರಿಸ್ತೀರಾ ಅಂದ್ರು." ಆಗ ಇವರು ನಕ್ಕು ಬೆಂಚು ಇಳಿಸುವುದಕ್ಕೆ ಹೋದರು. ಗೋದಾಮಿಗೆ ಮೂಟೆ ಎತ್ತುವ ಯಂತ್ರ ಬಂದು, ಹೊರುವವರನ್ನೆಲ್ಲ ಮನೆಗೆ ಕಳಿಸಿದ ಮೇಲೆ ಅದೇ ಮೇಡಂ ಬಾಗಿಲಿಗೆ ಹೋಗಿ ನಿಂತರು.

ಮನೆಯಲ್ಲಿ ಹೇಳಿರಲಿಲ್ಲ. ಮೊದಲ ಸಂಜೆ ಸ್ನಾನದ ಮನೆಯಲ್ಲಿ ಕೈಗೆಟುಕಿದಷ್ಟನ್ನು ತಿಕ್ಕಿಕೊಂಡು ಬಂದರೂ ಬೆನ್ನ ನಡುವಿನ ಬಣ್ಣ ಹಾಗೇ ಉಳಿದಿತ್ತು. ಹೆಂಡತಿ ಕಂಡು ಬೆಚ್ಚಿಬಿದ್ದರು. "ಇದೇನ್ರೀ, ಮೈಮೇಲೆ ಭೂಪಟ ಬರ್ಸ್ಕೊಂಡು ಬಂದಿದ್ದೀರಾ?" ವಿಷಯ ತಿಳಿದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಹೆಣ್ಣುಮಕ್ಕಳ ಮುಂದೆ ಅಂಗಿ ಬಿಚ್ಚಿ ನಿಲ್ಲುವುದೂ ಒಂದು ಕೆಲಸವೇ ಎಂದು ಆಕೆಯ ತಮ್ಮ ಬೇರೆ ಒಗ್ಗರಣೆ ಹಾಕಿದ. ಕೊನೆಗೆ ಒಂದು ಬೆಳಿಗ್ಗೆ ಆಕೆಯೇ ಕಾಲೇಜಿಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದರು. ಮಕ್ಕಳು ತಲೆ ತಗ್ಗಿಸಿ, ನಾಲಿಗೆ ಕಚ್ಚಿಕೊಂಡು ಗೆರೆ ಎಳೆಯುತ್ತಿದ್ದವು. "ಪಾಪ, ಪರೀಕ್ಷೆಯ ಭಯ ಅವಕ್ಕೆ. ಇವ್ರನ್ನ ಯಾರು ನೋಡ್ತಾರೆ ಬಿಡಿ" ಎಂದು ಈಗ ಅವರೇ ನಗುತ್ತಾರೆ. ಅಂದಿನಿಂದ ಬೆನ್ನು ತಿಕ್ಕುವ ಕೆಲಸ ಅವರದು.

ಎಲ್ಲ ಸರಿಯಿತ್ತು, ಕಳೆದ ವರ್ಷದ ಕೊನೆಯವರೆಗೆ. ಒಂದು ಬೆಳಿಗ್ಗೆ ಅಂಗಿಗೆ ತೋಳು ತೂರಿಸುವಾಗ ಬಲಭುಜ ಚಳಕ್ಕೆಂದಿತು. ದಿನ ಹೋದಂತೆ ಕೀಲು ತುಕ್ಕು ಹಿಡಿದ ಬಾಗಿಲಂತೆ ಬಿಗಿಯುತ್ತ ಬಂತು. ಪಾಠದಣ್ಣನಿಗೆ ದಿಗಿಲಾಯಿತು. ಸರಿಯಾದ ಚಲನೆ ತೋರಿಸುವುದೇ ಕೆಲಸವಾಗಿರುವವನ ಕೈ ಮೇಲಕ್ಕೆ ಹೋಗದಿದ್ದರೆ ಯಾರು ಇಟ್ಟುಕೊಳ್ಳುತ್ತಾರೆ? ಐವತ್ತು ದಾಟಿದವನಿಗೆ ಇನ್ನೆಲ್ಲಿ ಕೆಲಸ? ಹೆಂಡತಿಗೂ ಹೇಳದೆ ನುಂಗಿಕೊಂಡರು.

ಅದಕ್ಕೊಂದು ಉಪಾಯವೂ ಸಿಕ್ಕಿತು. ತೋಳನ್ನು ಪಕ್ಕದಿಂದ ಎತ್ತುವಾಗ ಮೊದಲು ಬಹುಮಟ್ಟಿಗೆ ತಿರುಗುವುದು ತೋಳಿನ ಮೂಳೆಯ ಗುಂಡು ತುದಿ, ತನ್ನ ಗುಳಿಯೊಳಗೆ. ಭುಜದ ಹಲಗೆ ಆಮೇಲೆ ನಿಧಾನಕ್ಕೆ ಜೊತೆಗೂಡುತ್ತದೆ. ಕೀಲು ಬಿಗಿದಿದ್ದರೆ ಮಾತ್ರ ಹಲಗೆ ಮೊದಲೇ ಎಗರುತ್ತದೆ. ಪಾಠದಣ್ಣ ಎಡಕ್ಕೊಂದಿಷ್ಟು ವಾಲಿ, ಹೆಗಲನ್ನೇ ಕಿವಿಯತ್ತ ಎತ್ತಿಬಿಡುತ್ತಿದ್ದರು. ಮುಂದೆ ನಿಂತು ನೋಡುವವರಿಗೆ ಕೈ ಮೇಲೆ ಹೋದಂತೆಯೇ ಕಾಣುತ್ತಿತ್ತು. ಮೇಡಂ ಆ ತಿಂಗಳು ಪರೀಕ್ಷೆಯ ಓಡಾಟದಲ್ಲಿದ್ದರು. ಯಾರೂ ಗಮನಿಸಲಿಲ್ಲ, ಒಬ್ಬಳ ಹೊರತು.

ಪಾಠದಣ್ಣನಿಗೆ ಮಕ್ಕಳ ಮುಖಕ್ಕಿಂತ ಕೈಗಳ ಪರಿಚಯ ಹೆಚ್ಚು. ಇವಳು ತಣ್ಣನೆ ಕೈಯವಳು. ಮಾತು ಕಡಿಮೆ, ಮುಟ್ಟುವುದಕ್ಕೂ ಹಿಂಜರಿಕೆ. ಪರೀಕ್ಷೆಗೆ ಒಂದು ವಾರವಿದ್ದಾಗ ಅವಳು ಹಲಗೆಯ ಕೆಳಮೂಲೆಗೆ ಹೆಬ್ಬೆರಳಿಟ್ಟು, "ಅಣ್ಣಾ, ಇದು ಬೇಗ ಎದ್ದುಬಿಡ್ತಲ್ಲ?" ಎಂದಳು. ಪಾಠದಣ್ಣನ ಬಾಯಿಗೆ ಬಂದದ್ದು ಸುಳ್ಳು.

"ನಿನ್ನ ಬೆರಳೇ ತಪ್ಪು ಜಾಗದಲ್ಲಿದೆ ಮಗಳೇ. ಇನ್ನೂ ಕೆಳಗೆ ಇಡ್ಬೇಕು."

ಅವಳು ನಂಬಿದಳು. ಎಷ್ಟು ಬ್ಯಾಚಿಗೆ ಪಾಠವಾದ ಮೈ, ಅದು ಹೇಳಿದ್ದು ಸುಳ್ಳಾದೀತೇ! ಬೆರಳನ್ನು ಮೂಳೆಯಿಂದ ಕೆಳಗೆ, ಬರೀ ಮಾಂಸದ ಮೇಲಿಟ್ಟು, ಅಲ್ಲಿ ಏನೂ ತಿಳಿಯದಿದ್ದರೂ ಪುಸ್ತಕದಲ್ಲಿದ್ದದ್ದನ್ನೇ ಒಪ್ಪಿಸಿದಳು. ಮರುದಿನವೂ ಹಾಗೇ ಮಾಡಿದಳು. ಬೇರೆಯವರ ಭುಜ ಮುಟ್ಟುವಾಗಲೂ ಅವಳ ಬೆರಳು ಕೆಳಗೇ ಹೋಗತೊಡಗಿತು. "ನಂಗೆ ಕೈಯಲ್ಲಿ ಏನೂ ತಿಳಿಯಲ್ಲ, ನಾನು ಈ ಕೆಲ್ಸಕ್ಕೆ ಲಾಯಕ್ಕಿಲ್ಲ" ಎಂದು ಗೆಳತಿಯ ಹತ್ತಿರ ಅಳುತ್ತಿದ್ದುದು ಇವರ ಕಿವಿಗೂ ಬಿತ್ತು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು. "ಮೂಟೆ ಹೊರೋವಾಗ್ಲೂ ಅಷ್ಟು ಭಾರ ಅನ್ಸಿರ್ಲಿಲ್ಲ. ನನ್ನ ಅನ್ನ ಉಳಿಸ್ಕೊಳ್ಳೋಕೆ ಆ ಮಗು ಕೈ ಕೆಡಿಸ್ಬಿಟ್ನಲ್ಲ" ಎನ್ನುತ್ತಾರೆ.

ಪರೀಕ್ಷೆಯ ಕೋಣೆಯಲ್ಲಿ ಪಾಠದ ಮೈಗೆ ಬಾಯಿಲ್ಲ. ಹೇಳಿದ ಹಾಗೆ ಕೈಕಾಲು ಆಡಿಸಬೇಕು, ತುಟಿ ಪಿಟಕ್ಕೆನ್ನಬಾರದು. ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಹಿಂದೆ, ಮೇಡಂ ಪಕ್ಕದಲ್ಲಿ. ತಣ್ಣನೆ ಕೈಯವಳ ಸರದಿ ಬಂತು. ಚೀಟಿ ಎತ್ತಿದಳು: ಬಲಭುಜದ ಅಬ್ಡಕ್ಷನ್. ಹಿಂದೆ ಬಂದು ನಿಂತಳು. ಬೆರಳು ಮತ್ತೆ ಅದೇ ತಪ್ಪು ಜಾಗಕ್ಕೆ ಹೋಯಿತು.

ಪಾಠದಣ್ಣ ಕೈ ಎತ್ತಲೇ ಇಲ್ಲ.

"ತಾಯೀ, ಬೆರಳು ಮೇಲಕ್ಕಿಡು. ಅವತ್ತು ನಿಂಗೆ ಸಿಕ್ಕಿದ್ದೇ ಸರಿ. ಸುಳ್ಳು ಹೇಳಿದ್ದು ನಾನು."

ಪರೀಕ್ಷಕರು ತಲೆಯೆತ್ತಿ ಗದರಿದರು: "ಏನ್ರೀ ಇದು? ನೀವು ಮಾತಾಡೋ ಹಾಗಿಲ್ಲ!" ಇವರು ಕೈಮುಗಿದರು. "ತಪ್ಪಾಯ್ತು ಸಾರ್. ಈ ಭುಜ ಕೆಟ್ಟಿದೆ. ಕೆಲ್ಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದೆ. ಈ ಹುಡುಗಿ ಕಂಡುಹಿಡಿದ್ಲು, ನಾನೇ ಅವಳ ದಾರಿ ತಪ್ಪಿಸ್ದೆ. ಅವಳನ್ನ ಫೇಲ್ ಮಾಡ್ಬೇಡಿ." ಮೇಡಂ ಎದ್ದು ಬಂದು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಮಾಡಮ್ಮ. ಏನು ಸಿಗುತ್ತೋ ಅದನ್ನ ಹೇಳು" ಎಂದರು.

ಪಾಠದಣ್ಣ ಈ ಸಲ ವಾಲಲಿಲ್ಲ. ಎಷ್ಟು ಏಳುತ್ತದೋ ಅಷ್ಟೇ ಎತ್ತಿದರು; ನೋವಿಗೆ ಕಣ್ಣಲ್ಲಿ ನೀರು ಬಂತು. ಹುಡುಗಿ ಬಲಭುಜ ನೋಡಿದಳು, ಎಡಭುಜ ನೋಡಿದಳು, ಮತ್ತೆ ಬಲಕ್ಕೆ ಬಂದಳು. "ಹಲಗೆ ಮೊದಲೇ ಏಳ್ತಿದೆ ಸರ್. ಕೀಲು ಬಿಗಿದಿದೆ. ಇವರಿಗೆ ತುಂಬ ನೋವಿದೆ." ಪರೀಕ್ಷಕರು ತಾವೇ ಎದ್ದು ಬಂದು ಮುಟ್ಟಿ ನೋಡಿ ತಲೆಯಾಡಿಸಿದರು. ಅವಳು ಪಾಸಾದಳು.

ಮೇಡಂ ಸಂಜೆ ಕರೆಸಿದರು. ಇವರು ಗೂಟದಲ್ಲಿದ್ದ ಅಂಗಿ, ಡಬ್ಬಿ ಎಲ್ಲ ಎತ್ತಿಕೊಂಡೇ ಹೋದರು, ಮತ್ತೆ ಈ ಕಡೆ ತಲೆ ಹಾಕುವ ಪ್ರಮೇಯವಿಲ್ಲವೆಂದುಕೊಂಡು. ಮೇಡಂ ಬೈದರು, ಚೆನ್ನಾಗಿಯೇ ಬೈದರು. ನೋವಿಟ್ಟುಕೊಂಡು ದುಡಿದದ್ದಕ್ಕೊಂದು, ಮಕ್ಕಳಿಗೆ ಸುಳ್ಳು ಹೇಳಿದ್ದಕ್ಕೊಂದು. ಆಮೇಲೆ, "ದಿನಾ ನಿಮ್ಮ ಬೆನ್ನು ನೋಡ್ತೀನಿ. ಹೇಗಿದ್ದೀರಿ ಅಂತ ಒಂದಿನಾನೂ ಕೇಳ್ಲಿಲ್ಲ. ನಂದೂ ತಪ್ಪಿದೆ" ಎಂದರಂತೆ.

ಕೆಲಸ ಉಳಿದಿದೆ, ಮೊದಲಿನಷ್ಟಿಲ್ಲ. ಹೊಸ ಮಕ್ಕಳಿಗೆ ಎಡಭುಜ, ಬೆನ್ನು, ಕಾಲು. ಬಲಭುಜ ಹಿರಿಯ ತರಗತಿಯ ಪಾಲಿಗೆ. ಬಿಗಿದ ಕೀಲನ್ನು ಸಡಿಲಿಸುವುದು ಹೇಗೆಂದು ಅವರು ಕಲಿಯುತ್ತಾರೆ. ಉಳಿದ ಹೊತ್ತಿನಲ್ಲಿ ಪಾಠದಣ್ಣ ಮಂಚಗಳ ಹೊದಿಕೆ ಬದಲಿಸುತ್ತಾರೆ, ಮೂಳೆಗಳ ಪೆಟ್ಟಿಗೆ ಒರೆಸಿಡುತ್ತಾರೆ. ಮನೆಯಲ್ಲಿ ಕೈ ಬಿಗಿ ಹಿಡಿಯಬೇಕಾಗಿ ಬಂದಿದೆ. ಹೆಂಡತಿಯ ಸಿಟ್ಟು ಅದಕ್ಕಲ್ಲ. "ನಂಗೆ ಮುಚ್ಚಿಟ್ರಲ್ಲಾ, ಬೆನ್ನು ತಿಕ್ಕೋಳು ನಾನು!" ಎಂದು ಈಗಲೂ ಚುಚ್ಚುತ್ತಾರೆ. ಪಾಠದಣ್ಣನಿಗೆ ಬೇರೆಯೇ ಪೇಚು. "ಭುಜ ವಾಸಿಯಾದ್ರೆ ದೊಡ್ಡ ಕ್ಲಾಸಿನ ಕೆಲ್ಸ ಹೋಗುತ್ತೆ, ಆಗ್ದಿದ್ರೆ ಚಿಕ್ಕ ಕ್ಲಾಸಿಗೆ ಬಲಭುಜ ಬೇಡ. ಏನ್ ಮಾಡ್ಲಿ ಹೇಳಿ" ಎಂದು ತಾವೇ ನಗುತ್ತಾರೆ.

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮೊದಲಿನ ಹಾಗೇ ಇರುತ್ತಿತ್ತಲ್ಲವೇ ಎಂದು ಕೇಳಿದರೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿ, ಕೇಳಿದವರ ಮುಖವನ್ನೇ ನೋಡುತ್ತಾರೆ.

"ಇರ್ತಿತ್ತು. ಆದ್ರೆ ನಾಳೆ ಆ ಹುಡುಗಿ ಯಾರದೋ ತಾಯಿ ಭುಜ ಮುಟ್ತಾಳೆ. ಆ ತಾಯಿ ನಂಗೇನೂ ನೋವಿಲ್ಲ ಅಂತ ನನ್ನ ಹಾಗೇ ಸುಳ್ಳು ಹೇಳ್ಬಹುದು. ಆಗ ಈ ಮಗು ತನ್ನ ಬೆರಳನ್ನ ನಂಬುತ್ತೆ. ನಂಗಷ್ಟು ಸಾಕು."