ಗೋಡೆಯ ಈಚೆಗೆ ಕೇಳಿದ ಹಾಡು

ಆ ಬೀದಿಯವರೆಲ್ಲ ಅವಳನ್ನು ಆಲ್ಟ್ರೇಷನ್ ಅಕ್ಕ ಎಂದೇ ಕರೆಯುತ್ತಿದ್ದರು. ಡ್ರೈಕ್ಲೀನಿಂಗ್ ಅಂಗಡಿಯ ಪಕ್ಕಕ್ಕೆ ಅಂಟಿಕೊಂಡ ಗೂಡಿನಂಥ ಜಾಗ, ಅದರೊಳಗೆ ಒಂದು ಹೊಲಿಗೆ ಮೆಷಿನ್ನು, ಇಸ್ತ್ರಿ ಮೇಜು, ನಿಲುವುಗನ್ನಡಿ, ಬಟ್ಟೆ ಬದಲಿಸುವವರಿಗೆ ಒಂದು ಪರದೆ. ಹೊಸ ಬಟ್ಟೆ ಹೊಲಿಯುವ ಗೋಜಿಗೆ ಅವಳು ಹೋಗುತ್ತಿರಲಿಲ್ಲ. ಯಾರೋ ಹೊಲಿದದ್ದನ್ನು ಬಿಚ್ಚಿ, ಹೊಟ್ಟೆ ಬಂದವರಿಗೆ ಸೊಂಟ ಬಿಡಿಸಿ, ಸೊರಗಿದವರಿಗೆ ಹಿಡಿದು, ಅಣ್ಣನ ಕೋಟನ್ನು ತಮ್ಮನ ಮೈಗೆ ಕೂರಿಸಿ ಕೊಡುವುದು ಅವಳ ಕಸುಬು. ಗಿರಾಕಿ ಕನ್ನಡಿಯ ಮುಂದೆ ನಿಂತು, "ಒಗೆದು ಒಗೆದು ಪ್ಯಾಂಟು ಕುಗ್ಗಿದೆ ನೋಡಿ" ಎಂದರೆ, "ಪ್ಯಾಂಟು ಸರಿಯಾಗೇ ಇದೆ, ಒಳಗಿರೋರು ಹಿಗ್ಗಿದ್ದೀರ" ಎನ್ನುತ್ತಿದ್ದಳು. ಬಾಯಿ ಸ್ವಲ್ಪ ಖಾರವೇ. ಆದರೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು, ಏಕೆಂದರೆ ಇಂಥವಳು ಚೆನ್ನಾಗಿ ಕೂತಿದೆ ಎಂದರೆ ಅದು ನಿಜವಾಗಿಯೂ ಚೆನ್ನಾಗಿ ಕೂತಿರುತ್ತಿತ್ತು.

ಅವಳಿಗೆ ಮಾತ್ರ ಮನೆಯಲ್ಲಿ ಸಿಗುತ್ತಿದ್ದದ್ದು ಬರೀ ಹೊಗಳಿಕೆ. ಹೊಗಳುವವನು ಅವಳ ತಮ್ಮ. ಅಪ್ಪ ತೀರಿಕೊಂಡು, ಅಮ್ಮ ಆಸ್ಪತ್ರೆಯ ಲಾಂಡ್ರಿಗೆ ದುಡಿಯಲು ಸೇರಿದ ಮೇಲೆ ಆ ಹುಡುಗನಿಗೆ ಉಣಿಸಿ, ಓದಿಸಿ, ದಡ ಸೇರಿಸಿದವಳು ಇವಳೇ. ಅದನ್ನು ಅವನು ಎಂದೂ ಮರೆತವನಲ್ಲ. ಎಷ್ಟು ಮರೆತಿರಲಿಲ್ಲವೆಂದರೆ ಅಕ್ಕ ಏನು ಮಾಡಿದರೂ ಅವನಿಗೆ ಚೆಂದ. ಒಮ್ಮೆ ಅಳತೆ ತಪ್ಪಿ ಅವನ ಅಂಗಿಯ ತೋಳು ಗಿಡ್ಡ ಮಾಡಿಬಿಟ್ಟಳು. ಅವನು ಅದನ್ನೇ ತೊಟ್ಟು ಹರಿಯುವ ತನಕ ಓಡಾಡಿದ. ಇನ್ನೊಮ್ಮೆ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು. ತಮ್ಮನ ಹೆಂಡತಿ ಮೊದಲ ತುತ್ತಿಗೇ ಮುಖ ಹಿಂಡಿ ಉಪ್ಪಿನ ಡಬ್ಬಿಗೆ ಕೈ ಚಾಚಿದರೆ, ಇವನು ತಟ್ಟೆ ಬಳಿದು ಉಂಡು, "ಚೆನ್ನಾಗಿತ್ತಕ್ಕ" ಎಂದು ಎದ್ದುಹೋದ. ಅವತ್ತು ಅವಳಿಗೆ ಸಿಟ್ಟೇ ಬಂತು. ಇವನು ಅಡುಗೆಯ ರುಚಿ ನೋಡುವುದಿಲ್ಲ, ಋಣ ತೀರಿಸುತ್ತಾನೆ ಎನ್ನಿಸಿತು.

ಅದೇ ತಮ್ಮ ಇನ್ನೊಂದು ಕಡೆ ಹುಲಿಯಾಗಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಗ್ರೀಸು ಮೆತ್ತಿಕೊಂಡು ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಇರುತ್ತಿದ್ದ. ಸಂಜೆ ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತನೆಂದರೆ ನ್ಯಾಯಾಧೀಶ. ವಿಡಿಯೋ ಗೇಮ್‌ಗಳ ಹಿನ್ನೆಲೆ ಹಾಡುಗಳನ್ನು ಪ್ರೀತಿಸುವ ಜನ ಲೋಕದ ತುಂಬ ಇದ್ದಾರೆ. ಅವರು ಆ ಹಾಡುಗಳನ್ನು ತಮ್ಮದೇ ರೀತಿಯಲ್ಲಿ ಹೊಸದಾಗಿ ಕಟ್ಟಿ, ನುಡಿಸಿ, ಒಂದು ವೆಬ್‌ಸೈಟಿಗೆ ಕಳಿಸುತ್ತಾರೆ. ಐವರು ತೀರ್ಪುಗಾರರಲ್ಲಿ ಮೂವರು ಹೌದು ಎಂದರೆ ಮಾತ್ರ ಎಲ್ಲರಿಗೂ ಕೇಳಲು ಅದನ್ನು ಅಲ್ಲಿ ಹಾಕುತ್ತಾರೆ. ಬೇರೆ ಬೇರೆ ಊರುಗಳಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡಿರದ ಆ ಐವರಲ್ಲಿ ತಮ್ಮನೂ ಒಬ್ಬ. ಕಳಿಸಿದವರು ಯಾರೆಂದು ಅವರಿಗೆ ತಿಳಿಯುವಂತಿಲ್ಲ. ಹಾಡಿಗೆ ಒಂದು ನಂಬರು ಮಾತ್ರ ಇರುತ್ತದೆ. ಹೊಸತನ ಎಷ್ಟಾದರೂ ಇರಲಿ, ಮೂಲ ಹಾಡು ಒಳಗೆ ಕೇಳಿಸಲೇಬೇಕು. ಇಲ್ಲ ಎನ್ನುವವನು ಯಾಕೆ ಇಲ್ಲ ಎಂದು ಬರೆಯಬೇಕು.

ತಮ್ಮ ಇಲ್ಲ ಎನ್ನುವುದರಲ್ಲಿ ಎತ್ತಿದ ಕೈ. ಬರೆದದ್ದನ್ನು ಊಟಕ್ಕೆ ಕೂತಾಗ ಓದಿ ಹೇಳುವುದು ಅವನಿಗೊಂದು ಖುಷಿ. ಅವನ ಹೆಂಡತಿ ಈಜುಕೊಳದಲ್ಲಿ ಟಿಕೆಟ್ ಕೊಡುವವಳು, ಮಾತಿಗೆ ನಿಂತರೆ ಗಂಡನನ್ನೂ ಬಿಡುವವಳಲ್ಲ. ಇವನೂ ಒಂದು ಕಾಲಕ್ಕೆ ಕೀಬೋರ್ಡು ಕೊಂಡು ತಂದು ಹಾಡು ಕಟ್ಟಲು ಹೋಗಿ ಕೈಬಿಟ್ಟದ್ದು ಅವಳಿಗೆ ಗೊತ್ತಿತ್ತು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಇವರು ಇನ್ನೂ ಮುಂದೆ, ಬೇರೆಯವರ ಕುಣಿತಕ್ಕೆ ಮಾರ್ಕ್ಸ್ ಹಾಕ್ತಾರೆ" ಎನ್ನುತ್ತಿದ್ದಳು.

ಅಕ್ಕ ಮಾತ್ರ ಆ ತೀರ್ಪುಗಳನ್ನು ಕಿವಿಗೊಟ್ಟು ಕೇಳುತ್ತಿದ್ದಳು. ಮೊದಲ ಸಲ ಅವನು ಇದೆಲ್ಲ ಏನೆಂದು ವಿವರಿಸಿದಾಗ ಅವಳು, "ಅಂದ್ರೆ ಆಲ್ಟ್ರೇಷನ್ನು ಅನ್ನು" ಎಂದಿದ್ದಳು. ಅವಳಿಗೆ ಬೆರಗಾದದ್ದು ಬೇರೆಯದಕ್ಕೆ. ತನ್ನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿರುವ ಈ ತಮ್ಮ, ಮುಖವೇ ಕಾಣದ ಯಾರಿಗೋ 'ಇಲ್ಲಿ ಅವಸರ ಮಾಡಿದ್ದೀರಿ', 'ಇಲ್ಲಿ ಚೆನ್ನಾಗಿ ಉಸಿರು ಬಿಟ್ಟಿದ್ದೀರಿ' ಎಂದು ಎಳೆ ಎಳೆಯಾಗಿ ಹೇಳುತ್ತಾನೆ. ಅದನ್ನು ಕೇಳಿ ಕೇಳಿ ಅವಳಲ್ಲಿ ಒಂದು ಹೊಟ್ಟೆಕಿಚ್ಚು ಹುಟ್ಟಿತು, ಅದರ ಹಿಂದೆಯೇ ಒಂದು ಆಸೆ. ಒಂದೇ ಒಂದು ಸಲ, ಇದು ಅಕ್ಕನದು ಎಂದು ಗೊತ್ತಿಲ್ಲದೆ, ಇವನು ನನ್ನದೊಂದನ್ನು ಹೌದು ಎನ್ನಬೇಕು.

ಅವಳಿಗೆ ಬರುತ್ತಿದ್ದದ್ದು ಒಂದೇ ಹಾಡು. ತಮ್ಮ ಹುಡುಗನಾಗಿದ್ದಾಗ ಅವನಿಗೊಂದು ಆಟದ ಹುಚ್ಚು: ಕತ್ತಲೆಯ ಕೋಟೆಯೊಳಗೆ ದೀಪ ಹಿಡಿದು ಓಡುವ ಹುಡುಗನ ಆಟ. ಶಾಲೆಯಿಂದ ಬಂದವನೇ ಇದೇ ಮನೆಯ ತನ್ನ ಕೋಣೆಯಲ್ಲಿ ಟಿವಿಯ ಮುಂದೆ ಕೂರುತ್ತಿದ್ದ. ಪಕ್ಕದ ತನ್ನ ಕೋಣೆಯಲ್ಲಿ ಅವಳು ಮನೆಯ ಮೆಷಿನ್ನು ತುಳಿಯುತ್ತಿದ್ದಳು. ಆಟ ಹೇಗಿದೆ ಎಂದು ಎದ್ದು ನೋಡುವಷ್ಟು ಬಿಡುವು ಅವಳಿಗೆ ಸಿಕ್ಕಿರಲಿಲ್ಲ, ಆಡು ಬಾ ಎಂದು ಅವನೂ ಕರೆದಿರಲಿಲ್ಲ. ಗೋಡೆ ದಾಟಿ ಬರುತ್ತಿದ್ದ ಹಾಡಿಗೆ ಅವಳ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಆಟದ ಹುಡುಗ ಸತ್ತಾಗಲೆಲ್ಲ ಹಾಡು ಮೊದಲಿನಿಂದ ಶುರುವಾಗುತ್ತಿತ್ತು, ಅವಳೂ ಇನ್ನೊಂದು ಬಟ್ಟೆ ಎತ್ತಿಕೊಳ್ಳುತ್ತಿದ್ದಳು.

ತಮ್ಮ ಕೈಬಿಟ್ಟ ಕೀಬೋರ್ಡು ಅವಳ ಕೋಣೆಯಲ್ಲಿ ಬಟ್ಟೆ ಗಂಟುಗಳ ಕೆಳಗೆ ಬಿದ್ದಿತ್ತು. ಅಂಗಡಿಗೆ ರಜೆಯಿದ್ದ ದಿನ, ತಮ್ಮ ಕೆಲಸಕ್ಕೆ ಹೋದ ಮೇಲೆ ಅದನ್ನು ಹೊರಗೆಳೆದು ಒಂದೊಂದೇ ಬೆರಳಿನಿಂದ ಆ ಹಾಡನ್ನು ಹುಡುಕತೊಡಗಿದಳು. ಸಿಕ್ಕಿತು. ಅದನ್ನು ಹಿಗ್ಗಿಸಿ, ಎರಡು ಕಡೆ ಮಡಿಕೆ ಹಾಕಿ, ನಡುವೆ ಒಂದಿಷ್ಟು ಬಿಡುವು ಕೊಟ್ಟಳು. ತಾಳಕ್ಕೆ ತನ್ನ ಮೆಷಿನ್ನನ್ನೇ ತುಳಿದಳು. ತಮ್ಮನ ಹೆಂಡತಿ ಅದನ್ನೆಲ್ಲ ಫೋನಿನಲ್ಲಿ ಹಿಡಿದು, ಒಂದರ ಮೇಲೊಂದು ಕೂರಿಸಿ, ಯಾವುದೋ ಹೆಸರಿನಲ್ಲಿ ಕಳಿಸಿಕೊಟ್ಟಳು.

ತೀರ್ಪು ಬಂದದ್ದು ಊಟದ ಮೇಜಿಗೇ. ತಮ್ಮ ಫೋನು ತೆಗೆದು ಓದಿದ: "'ನುಡಿಸಿದವರ ಕೈಯಲ್ಲಿ ಪ್ರೀತಿ ಇದೆ. ಆದರೆ ಮದುವೆ ಮನೆಯಲ್ಲಿ ಎಲ್ಲರೂ ಇದ್ದಾರೆ, ಮದುಮಗನೇ ಇಲ್ಲ. ದೀಪದ ಹುಡುಗನ ಹಾಡು ಇದರಲ್ಲಿ ಎಲ್ಲೂ ಕೇಳಿಸುವುದಿಲ್ಲ. ಯಾವುದೋ ಸ್ವಂತ ಹಾಡಿಗೆ ಆಟದ ಹೆಸರು ಅಂಟಿಸಿ ಕಳಿಸಿದ್ದೀರಿ. ಇದು ಮೋಸ.' ನನ್ನ ಆಟದ ಹೆಸರಲ್ಲಿ ನನಗೇ ಟೋಪಿ ಹಾಕೋಕೆ ಬಂದಿದ್ರು." ಆ ಹಳೆಯ ಆಟವನ್ನು ಅವನಷ್ಟು ಬಲ್ಲವರು ಐವರಲ್ಲಿ ಇರಲಿಲ್ಲ, ಅವನು ಇಲ್ಲ ಎಂದ ಮೇಲೆ ಉಳಿದವರೂ ಇಲ್ಲ ಎಂದಿದ್ದರು. "ಹಿಂದೆ ಒಂದು ಕಟಕಟ ಸದ್ದು ಬರುತ್ತೆ, ಅದು ಮಾತ್ರ ಭಾರಿ ಚೆನ್ನಾಗಿತ್ತು. ಯಾವ ವಾದ್ಯ ಅಂತ ತಲೆ ಕೆರ್ಕೊಂಡ್ರೂ ಗೊತ್ತಾಗ್ಲಿಲ್ಲ" ಎಂದೂ ಸೇರಿಸಿದ. ತಮ್ಮನ ಹೆಂಡತಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಅಕ್ಕ ತಟ್ಟೆಯ ಮೇಲಿನ ಕಣ್ಣು ತೆಗೆಯದೆ, "ಹಾಗಾದ್ರೆ ನಿಜವಾದ ಹಾಡು ಹೇಗಿದೆ?" ಎಂದು ಕೇಳಿದಳು. ಅವನು ಸಿಳ್ಳೆ ಹಾಕಿ ತೋರಿಸಿದ. ಹಕ್ಕಿ ಹಾರಿದಂತೆ ಮೇಲೆ ಮೇಲೆ ಹೋಗುವ ಚುರುಕಾದ ಹಾಡು.

"ಇದಲ್ಲ. ನೀನು ಆಡ್ತಿದ್ದದ್ದಕ್ಕೆ ಇದು ಬರ್ತಾನೇ ಇರ್ಲಿಲ್ಲ" ಎಂದಳು.

"ಅಕ್ಕ, ಈ ಹಾಡು ನನಗೆ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಬರುತ್ತೆ" ಎಂದು ಅವನು ನಕ್ಕ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳು ತಮ್ಮನ ಹೆಂಡತಿಯಿಂದ ಅವನ ಕೋಣೆಯಲ್ಲೇ ಆ ಆಟದ ಹಾಡು ಹಾಕಿಸಿದಳು. ಸಿಳ್ಳೆಯ ಹಾಡೇ ಬಂತು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು ಯಾವ ಹಾಡು ಹಾಗಾದರೆ? ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೆಷಿನ್ನಿನ ಮುಂದೆ ಕೂತಳು. ಆಗ ಗೋಡೆಯಿಂದ ಅವಳ ಹಾಡು ಬಂತು. ದುಂ, ದುದುಂ, ದುಂ. ಸಿಳ್ಳೆಯನ್ನೆಲ್ಲ ಗೋಡೆ ನುಂಗಿಕೊಂಡು, ಅಡಿಯಲ್ಲಿ ನಡೆಯುವ ದಪ್ಪ ದನಿಯನ್ನಷ್ಟೇ ಈಚೆ ಬಿಟ್ಟಿತ್ತು. ಅದನ್ನೇ ಅವಳು ಪೂರ್ತಿ ಹಾಡು ಎಂದುಕೊಂಡು ಬೆಳೆದಿದ್ದಳು.

ತಮ್ಮನ ಹೆಂಡತಿ ಬಾಗಿಲು ತೆರೆದು ಬಂದು ತಾನೂ ನಿಂತು ಕೇಳಿದಳು. "ಅತ್ತಿಗೆ, ಇದನ್ನ ನಮ್ಮನೆಯವರಿಗೆ ಹೇಳ್ಬೇಕು. ತಿರಸ್ಕಾರ ಆದದ್ದನ್ನ ತಿದ್ದಿ, ಕಾರಣ ಬರೆದು ಇನ್ನೊಂದು ಸಲ ಕಳಿಸಬಹುದು, ಅದಕ್ಕೆ ಅವಕಾಶ ಇದೆ. ಆದ್ರೆ ಒಂದು ತೊಂದ್ರೆ. ಸಂಬಂಧಿಕರದು ಅಂತ ಗೊತ್ತಾದ್ರೆ ಅವರು ಓಟು ಹಾಕೋ ಹಾಗಿಲ್ಲ. ಅದು ಅವರ ಪಂಚಾಯ್ತಿ ಕಾನೂನು."

ಅಂದರೆ ಹೇಳಿದರೆ ತಮ್ಮನ ಹೌದು ಎಂದೆಂದಿಗೂ ಇಲ್ಲ. ಹೇಳದಿದ್ದರೆ ಮೋಸಗಾತಿ ಎಂಬ ಮಾತು ಹಾಗೇ ಉಳಿಯುತ್ತದೆ. ಅಕ್ಕ ಅಂಗಡಿಯಲ್ಲಿ ಯಾರದೋ ಕೋಟಿನ ಅಸ್ತರು ಬಿಚ್ಚುತ್ತ ದಿನವೆಲ್ಲ ಅದನ್ನೇ ಯೋಚಿಸಿದಳು. ಕೊನೆಗೆ ತಮ್ಮನ ಹೆಂಡತಿಗೆ ಹೇಳಿದಳು: "ಓಟು ಹೋದ್ರೆ ಹೋಗ್ಲಿ ಕಣೆ. ನಾನು ಕೇಳಿದ್ದನ್ನ ನಾನು ಕೇಳೇ ಇಲ್ಲ ಅಂದ್ರೆ ಹೇಗೆ ಸುಮ್ಮನಿರ್ಲಿ?"

ಭಾನುವಾರ ಮಧ್ಯಾಹ್ನ ತಮ್ಮನನ್ನು ಕರೆದು ತನ್ನ ಮೆಷಿನ್ನಿನ ಸ್ಟೂಲಿನ ಮೇಲೆ ಕೂರಿಸಿದಳು. ಎಷ್ಟೋ ವರ್ಷಗಳ ಮೇಲೆ ಅವನು ಆ ಕೋಣೆಯಲ್ಲಿ ಕೂತದ್ದು. ಕಾಲು ಎಲ್ಲಿಡಬೇಕೆಂದು ತಿಳಿಯದೆ ತುಳಿಯುವ ಹಲಗೆಯ ಮೇಲೆ ಇಟ್ಟ. ಅವಳು ಬಾಗಿಲು ಹಾಕಿದಳು. ಆಚೆ ಅವನ ಕೋಣೆಯಲ್ಲಿ ಹೆಂಡತಿ ಆಟದ ಹಾಡು ಹಚ್ಚಿದಳು.

ಮೊದಲು ಅವನು ನಗುತ್ತಲೇ ಇದ್ದ. "ಏನಕ್ಕ ಇದು, ಹಾಡು ಸರಿಯಾಗಿ ಕೇಳಿಸ್ತಾನೇ ಇಲ್ಲ, ಬರೀ ಕೆಳಗಿನ ದನಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ದುಂ, ದುದುಂ, ದುಂ. ಅವಳು ಅವನ ಕಾಲನ್ನು ಮೆಲ್ಲಗೆ ಸರಿಸಿ, ತನ್ನ ಕಾಲಿಟ್ಟು ಮೆಷಿನ್ನು ತುಳಿದಳು. ತಲೆ ಕೆರೆದುಕೊಂಡರೂ ಗೊತ್ತಾಗದ ಆ ಕಟಕಟ ಸದ್ದು ಅವನ ಮೊಣಕಾಲಿನ ಹತ್ತಿರವೇ ಶುರುವಾಯಿತು.

ಹಾಡು ಮುಗಿದು, ಮತ್ತೆ ಮೊದಲಾಯಿತು. ಅವನು ಏಳಲಿಲ್ಲ. ಆ ಆಟವನ್ನು ಮೂಲೆ ಮೂಲೆ ಬಲ್ಲೆನೆಂದು ಬೀಗಿದವನಿಗೆ, ಗೋಡೆಯ ಈಚೆ ಒಂದು ದಿನವೂ ಬಂದು ನಿಂತವನಲ್ಲ ತಾನು ಎಂಬುದು ಅವತ್ತು ಹೊಳೆಯಿತು. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು.

"ಆವತ್ತು ಬಂದ ಹಾಡು ನಿಂದಾ?" ಎಂದ.

"ಹೂಂ, ಆ ಮೋಸಗಾತಿ ನಾನೇ" ಎಂದಳು ಅಕ್ಕ.

ಈಗ ಅವನು ಚೆನ್ನಾಗಿದೆ ಅಕ್ಕ ಎನ್ನುತ್ತಾನೆ ಎಂದು ಅವಳು ಕಾದಳು, ಹೆದರಿಕೊಂಡೇ ಕಾದಳು. ಆ ಮಾತು ಬಂದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಅವನು ಫೋನು ತೆಗೆದು ಅವಳ ಹಾಡನ್ನು ಹಾಕಿ, ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಇನ್ನೊಮ್ಮೆ ಕೇಳಿದ. ಆಮೇಲೆ ಬಾಯಿ ಬಿಟ್ಟ.

"ಎರಡನೇ ಭಾಗದಲ್ಲಿ ಬಿಡುವು ಕೊಟ್ಟಿದ್ದೀಯಲ್ಲ, ಅದು ಎಷ್ಟು ಚೆನ್ನಾಗಿದೆ ಅಂದ್ರೆ ನನಗೆ ಹೊಟ್ಟೆಕಿಚ್ಚು ಬಂತು. ಆದ್ರೆ ಕೊನೆ ಕೆಟ್ಟಿದೆ ಅಕ್ಕ. ಸುಮ್ಮನೆ ಎಳೆದಿದ್ದೀಯ. ಮುಗಿಸೋಕೆ ಮನಸ್ಸಿಲ್ಲದೆ ಎಳೆದಿದ್ದೀಯ."

ಅವಳು ಅವನ ಮುಖವನ್ನೇ ನೋಡಿದಳು. ನಡುವಯಸ್ಸಿನ ಆ ಗಂಡಸು ಅವಳ ಕೆಲಸದಲ್ಲಿ ಹುಟ್ಟಿದಾರಭ್ಯ ಹುಡುಕಿದ ಮೊದಲ ತಪ್ಪು ಅದು. ಸರಿಯಾಗಿಯೂ ಇತ್ತು; ಆ ಕೊನೆ ಅವಳಿಗೂ ಒಪ್ಪಿಗೆಯಾಗಿರಲಿಲ್ಲ.

"ಬಿಚ್ಚಿ ಹೊಲೀತೀನಿ ಬಿಡು" ಎಂದಳು.

ಕೊನೆಯನ್ನು ಕತ್ತರಿಸಿ, ಮೆಷಿನ್ನು ನಿಧಾನವಾಗಿ ನಿಲ್ಲುವ ಸದ್ದಿನೊಂದಿಗೆ ಮುಗಿಸಿ ಕಳಿಸಿದಳು. ಕಾರಣ ಬರೆಯುವ ಜಾಗದಲ್ಲಿ, 'ಇದು ಪಕ್ಕದ ಕೋಣೆಗೆ ಕೇಳಿಸಿದ ಹಾಗೆ' ಎಂದಷ್ಟೇ ಬರೆದಳು. ಉಳಿದ ನಾಲ್ವರು ಮೂಲ ಹಾಡಿನ ಅಡಿಯ ದನಿಯನ್ನು ಮತ್ತೆ ಕೇಳಿ ನೋಡಿದರು. ಮೂವರು ಹೌದು ಎಂದರು. ಒಬ್ಬ ಆಗಲೂ ಇಲ್ಲ ಎಂದ. ಎಲ್ಲ ಪಂಚಾಯ್ತಿಯಲ್ಲೂ ಅಂಥವನೊಬ್ಬ ಇರುತ್ತಾನೆ. ಐದನೆಯ ತೀರ್ಪುಗಾರ ಬರೆದದ್ದನ್ನು ತಮ್ಮನ ಹೆಂಡತಿ ಊಟದ ಹೊತ್ತಿಗೆ ಜೋರಾಗಿ ಓದಿದಳು: "'ನಾನು ಮತ ಹಾಕುವಂತಿಲ್ಲ. ಗೋಡೆಯ ಆಚೆ ಕೂತು ಆಡುತ್ತಿದ್ದ ಹುಡುಗ ನಾನು.'"

ಅಕ್ಕ ಇನ್ನೊಮ್ಮೆ ಓದಿಸಿದಳು. ತಮ್ಮ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ. ಎರಡು ತುತ್ತು ಹೋಗಿರಬೇಕು, ಕೈ ನಿಲ್ಲಿಸಿದ.

"ಇವತ್ತು ಉಪ್ಪು ಜಾಸ್ತಿ ಆಗಿದೆ ಅಕ್ಕ" ಎಂದ.

ಅವಳು ಪಾತ್ರೆಗೆ ಚಮಚ ಹಾಕಿ ರುಚಿ ನೋಡಿದಳು. ನಿಜ, ಜಾಸ್ತಿಯೇ ಆಗಿತ್ತು. ಆ ಖುಷಿಯಲ್ಲಿ ಇನ್ನೊಂದು ಚಮಚ ತಿಂದಳು.