ಹಸಿದ ಕೂಸನ್ನು ಕಾಯುವ ಗದಿಗೆವ್ವ

ದೀಪದ ಕುಡಿಗೆ ಹಿಡಿದ ಅರಿಸಿನ ಕೊಂಬಿನ ಕಮಟು ಗದಿಗೆವ್ವನ ಮೂಗಿನಲ್ಲಿ ಇನ್ನೂ ಉಳಿದಿದೆ. ಐರಣಿಯಲ್ಲಿ ಅವಳು ಆರು ವರ್ಷದವಳಿದ್ದಾಗ ತಮ್ಮನ ಕತ್ತಿನ ಗಂಟಿಗೆ ಹಿರಿಯರು ಅದೇ ಕೊಂಬಿನಿಂದ ಬರೆ ಹಾಕಿದ್ದರು. ಗಾಯ ಕೀವಾಯಿತು. ತಮ್ಮ ಉಳಿಯಲಿಲ್ಲ.

ಈಗ ಐವತ್ತೆರಡರ ಗದಿಗೆವ್ವ ರಾಣೆಬೆನ್ನೂರಿನ ಸಣ್ಣದೊಂದು ಮಕ್ಕಳ ಆಸ್ಪತ್ರೆಯಲ್ಲಿ ಆಯಾ. ಕೂಸುಗಳ ಕತ್ತಿನಲ್ಲಿ, ಕಂಕುಳಲ್ಲಿ ದುಗ್ಧರಸವೆಂಬ ಮೈನೀರು ತುಂಬಿ ಉಬ್ಬುವ ಗಂಟು ಕ್ಯಾನ್ಸರ್ ಅಲ್ಲ. ಆದರೆ ಬೆಳೆದರೆ ಉಸಿರಿಗೆ ಒತ್ತುತ್ತದೆ. ಅರಿವಳಿಕೆ ಕೊಟ್ಟು, ಗಂಟಿನ ನೀರೆಳೆದು ಔಷಧಿ ಚುಚ್ಚಲು ಹುಬ್ಬಳ್ಳಿಯ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರೆ. ಆರು ವರ್ಷಗಳಲ್ಲಿ ಅರವತ್ತಮೂರು ಮಕ್ಕಳು ಅವಳ ತೋಳಿನಿಂದ ಒಳಗೆ ಹೋಗಿ ತೋಳಿಗೇ ಮರಳಿದ್ದಾರೆ.

ಇವತ್ತು, ಬೆಳಗಿನ ಆರಕ್ಕೆ, ಮೊದಲ ಸರದಿ ಬ್ಯಾಡಗಿಯ ದ್ರಾಕ್ಷಾಯಿಣಿಯ ಏಳು ತಿಂಗಳ ಮಗನದು. ಮಲಗಿಸಿದರೆ ಗಂಟಲು ಗೊರಗೊರ ಎನ್ನುತ್ತದೆ. ಅರಿವಳಿಕೆಗೆ ಮುನ್ನ, ಎದೆಹಾಲು ಕುಡಿಸಿ ಕನಿಷ್ಠ ನಾಲ್ಕು ತಾಸಾಗಿರಬೇಕು. ಇಲ್ಲದಿದ್ದರೆ ಮತ್ತಿನಲ್ಲಿ ಹಾಲು ಶ್ವಾಸಕೋಶಕ್ಕೆ ಇಳಿದೀತು. ಏನೂ ಕುಡಿಸಿಲ್ಲ ಎಂದು ಮನೆಯವರು ನರ್ಸಿಗೆ ಹೇಳಿಯಾಗಿದೆ. ಕುಡಿಸಿದಿರಾ ಇಲ್ಲವಾ ಎಂದು ಗದಿಗೆವ್ವ ಕೇಳುವವಳೇ ಅಲ್ಲ. ಅಂಗೈಗಳನ್ನು ಸೆರಗಿಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂಸನ್ನೆತ್ತಿ, ಅದರ ಅಜ್ಜಿ ಹೊಳಿಯವ್ವನ ಕಡೆ ತಿರುಗುತ್ತಾಳೆ.

"ಎಷ್ಟ ಕುಡೀತ್ರಿ ಯಕ್ಕಾ?"

"ಎರಡ ಗುಟುಕ. ಐದಕ್ಕ. ಹಸದ ಕೂಸಿಗೆ ಸೂಜಿ ಚುಚ್ಚತಾರಂದ್ರ ನನ್ನ ಕರಳ ತಡೀಲಿಲ್ಲ. ಸೊಸಿಗೆ ನಾನ ಹೇಳಿದ್ನಿ."

ದ್ರಾಕ್ಷಾಯಿಣಿಯ ಮುಖ ಬಿಳಿಚುತ್ತದೆ. ಸರದಿ ತಪ್ಪಿದರೆ ಇನ್ನೊಂದು ತಿಂಗಳು. ಅಲ್ಲಿಯವರೆಗೆ ಉಸಿರು ಉಳಿಯುವುದೋ ಇಲ್ಲವೋ. ಗದಿಗೆವ್ವ ಒಳಗೆ ಹೋಗಿ ಕೊನೆಯ ಸರದಿ ಬೇಡುತ್ತಾಳೆ. ಒಂಬತ್ತಕ್ಕೆ ಹಾವೇರಿಗೆ ಹೊರಡಬೇಕಾದ ಡಾಕ್ಟರು ಗಡಿಯಾರ ನೋಡುತ್ತಾರೆ. "ಇದೊಂದಕ್ಕ ನಿಲ್ತೇನಿ. ನಡುವ ಒಂದ ಹನಿ ಬಿದ್ರೂ ಇಲ್ಲ."

ತಾಯಿಯ ವಾಸನೆ ಸಿಕ್ಕರೆ ಕೂಸು ಕೇಳದು. ಗದಿಗೆವ್ವ ಅದನ್ನು ಹಿತ್ತಲ ಪಡಸಾಲೆಗೆ ಒಯ್ದು ನಡೆಯತೊಡಗುತ್ತಾಳೆ. ಅತ್ತಾಗಲೆಲ್ಲ ಉಸಿರು ಸಿಕ್ಕಿಕೊಳ್ಳುತ್ತದೆ; ಹೆಗಲಿಗೆ ನೆಟ್ಟಗೆ ಹಾಕಿ ಬೆನ್ನು ಸವರುತ್ತಾಳೆ. ಕೂಸು ಅವಳ ಕುಪ್ಪಸ ಚೀಪುತ್ತದೆ. "ನನ್ನ ಕಡೆ ಏನ ಸಿಗತೈತೋ ರಾಜಾ, ಬರೇ ಎಲಬು." ಮೂರು ತಾಸು ಅವಳು ಕೂರುವುದಿಲ್ಲ.

ಒಂಬತ್ತಕ್ಕೆ ಕೂಸು ಒಳಗೆ ಹೋಗಿ ಬಾಗಿಲು ಮುಚ್ಚುತ್ತದೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅರ್ಧ ತಾಸಿನ ಮೇಲೆ ಒಳಗಿನಿಂದ ಗಟ್ಟಿಯಾದ ಅಳು. ಕತ್ತಿಗೆ ಪಟ್ಟಿ ಸುತ್ತಿದ ಮಗನನ್ನು ಗದಿಗೆವ್ವ ತಾಯಿಯ ಮಡಿಲಿಗೆ ಹಾಕುತ್ತಾಳೆ. ಉಸಿರಿನಲ್ಲಿ ಗೊರಗೊರ ಕಡಿಮೆಯಾಗಿದೆ.

ಅಜ್ಜಿಯನ್ನು ಯಾಕೆ ಬೈಯಲಿಲ್ಲವೆಂದು ನರ್ಸು ಕೇಳಿದರೆ ಅವಳದು ಒಂದೇ ಮಾತು: "ಬೈದ್ರ ಮುಂದಿನ ಸಲ ಖರೇ ಹೇಳಂಗಿಲ್ರಿ."

ಹೊಳಿಯವ್ವ ನಲ್ಲಿಯ ಬಳಿ ಒಬ್ಬಳೇ ಕೂತಿದ್ದಾಳೆ. ಬೆಳಗಿನಿಂದ ನೀರೂ ಮುಟ್ಟಿಲ್ಲ. ಗದಿಗೆವ್ವ ತನ್ನ ಡಬ್ಬಿ ಬಿಚ್ಚಿ, ಎರಡು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಅವಳ ಕೈಯಲ್ಲಿಡುತ್ತಾಳೆ.