ಗೋಪಾಲೇಟ್ಟನ ಕೈಗುಣ

ಗೂಡಲೂರಿನ ಹತ್ತಿರದ ದೇವಾಲದ ಒಂದು ಟೀ ಎಸ್ಟೇಟಿನಲ್ಲಿ ರೈಟರ್, ಎಂದರೆ ಗುಮಾಸ್ತ, ಆಗಿರುವ ಚೆನ್ನಮಲ್ಲಪ್ಪನಿಗೆ ಗೀಳು ಎರಡೇ: ಒಂದು ಮಳೆ, ಇನ್ನೊಂದು ಇಸ್ಪೀಟು. ಮಳೆಯ ಗೀಳಿಗೆ ಸಂಬಳ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆಫೀಸಿನ ಮುಂದಿನ ಮಳೆ ಅಳೆಯುವ ಡಬ್ಬಿಯ ಮುಚ್ಚಳ ತೆಗೆದು, ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ರಿಜಿಸ್ಟರಿನಲ್ಲಿ ಬರೆಯಬೇಕು. ಇಪ್ಪತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದಾನೆ. ಮಗಳ ಮದುವೆಯ ದಿನವೂ ಬರೆದೇ ಛತ್ರಕ್ಕೆ ಹೋದದ್ದು.

ಯಾರಾದರೂ, "ಸಾರ್, ನಿನ್ನೆ ಅಷ್ಟೊಂದು ಹೊಡೀತಲ್ಲ, ಇವತ್ತು ಬಿಡುತ್ತೆ ಅಲ್ವಾ?" ಎಂದು ಕೇಳಿದರೆ ಅವನಿಗೆ ಮೈ ಉರಿಯುತ್ತದೆ. "ಮಳೆಗೆ ನಿನ್ನೆದು ನೆನಪಿರ್ತದೇನಪ್ಪಾ?" ಎನ್ನುತ್ತಾನೆ. ಇಷ್ಟು ತಿಳಿದ ಮನುಷ್ಯ ಕಾರ್ಡು ಕೈಗೆ ಬಂದರೆ ಮಾತ್ರ ಬೇರೆಯೇ ಆಗಿಬಿಡುತ್ತಾನೆ. ಸೋತ ದಿನ ಹಾಕಿದ ಅಂಗಿ ಮತ್ತೆ ಆಟಕ್ಕೆ ಬರುವಂತಿಲ್ಲ. ಕುರ್ಚಿಯ ಮುಖ ಉತ್ತರಕ್ಕೆ ಇರಬೇಕು. ಒಂದು ವರ್ಷ ಗಡ್ಡ ಬಿಟ್ಟು ನೋಡಿದ, ಮರುವರ್ಷ ಬೋಳಿಸಿ ನೋಡಿದ. ಗಡ್ಡವಿದ್ದಾಗಲೂ ಸೋತ, ಬೋಳಿಸಿದಾಗಲೂ ಸೋತ.

ಆಟದ ಹೆಸರು ಇಪ್ಪತ್ತೆಂಟು. ಕೇರಳದಿಂದ ಘಟ್ಟ ಹತ್ತಿ ಬಂದದ್ದು, ಗೂಡಲೂರಿನ ಕಡೆ ಚಹಾದಂಗಡಿಯ ಹಿಂದೆಲ್ಲ ನಡೆಯುತ್ತದೆ. ನಾಲ್ಕು ಜನ ಕೂರುತ್ತಾರೆ, ಎದುರುಬದುರು ಕೂತವರು ಜೋಡಿ. ಗುಲಾಮನೇ ದೊಡ್ಡ ಕಾರ್ಡು. ಇಷ್ಟು ಅಂಕ ಹಿಡಿಯುತ್ತೇವೆ ಎಂದು ಮೊದಲೇ ಕೂಗಬೇಕು, ಕೂಗಿದಷ್ಟು ಹಿಡಿಯದಿದ್ದರೆ ಆಟ ಹೋಯಿತು. ಸೋಲಿನ ಮೇಲೆ ಸೋಲು ಬಿದ್ದವರ ಕಿವಿಗೆ ಹಲಸಿನ ಎಲೆಯ ಲೋಲಕ ನೇತುಹಾಕುತ್ತಾರೆ. ಅದಕ್ಕೆ ಕುಣುಕ್ಕು ಎಂದು ಹೆಸರು. ಒಂದು ಆಟ ಗೆಲ್ಲುವ ತನಕ ಅದನ್ನು ತೆಗೆಯುವಂತಿಲ್ಲ. ಮಾನ ಇರುವವನಿಗೆ ದುಡ್ಡು ಕಳೆದುಕೊಳ್ಳುವುದೇ ಎಷ್ಟೋ ವಾಸಿ.

ಗೂಡಲೂರಿನ ಒಂದು ವಾಚನಾಲಯದವರು ಓಣಂ ಹೊತ್ತಿಗೆ ಇದರ ಪಂದ್ಯ ನಡೆಸುತ್ತಾರೆ. ಮೊದಲ ಬಹುಮಾನ ಹೋತ, ಎರಡನೆಯದು ಹುಂಜ, ಮೂರನೆಯದು ನೇಂದ್ರ ಬಾಳೆಯ ಗೊನೆ. ಚೆನ್ನಮಲ್ಲಪ್ಪ ಮಸಿನಗುಡಿಯ ಲಿಂಗಾಯತರ ಮನೆಯವನು, ಮೊಟ್ಟೆಯನ್ನೂ ಮುಟ್ಟದವನು. ಹಾಗಾಗಿ ಇಡೀ ಪಂದ್ಯದಲ್ಲಿ ಮೂರನೇ ಸ್ಥಾನಕ್ಕೇ ಕಣ್ಣಿಟ್ಟು ಬರುತ್ತಿದ್ದವನು ಅವನೊಬ್ಬನೇ. ಆ ಗೊನೆಯೂ ದಕ್ಕಲಿಲ್ಲ. ಹನ್ನೆರಡು ವರ್ಷ ಆಡಿ, ಹನ್ನೆರಡು ವರ್ಷವೂ ಮೊದಲ ಸುತ್ತಿನಲ್ಲೇ ಮನೆಗೆ.

ಹನ್ನೆರಡು ವರ್ಷವೂ ಎದುರಿಗೆ ಜೋಡಿಯಾಗಿ ಕೂತವನು ಟೈಲರ್ ಗೋಪಾಲನ್. ಚೆನ್ನಮಲ್ಲಪ್ಪನಿಗಿಂತ ಆರು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡವನು, ಮೋಳು ಎಂದು ಕರೆಯುವ ಮಗಳನ್ನು ವಯನಾಡಿನ ಬತ್ತೇರಿಗೆ ಮದುವೆ ಮಾಡಿಕೊಟ್ಟವನು, ಮಾತು ಮೆತ್ತಗೆ. ಮಲಯಾಳದಲ್ಲಿ ಅಣ್ಣನಿಗೆ ಏಟ್ಟನ್ ಎನ್ನುವುದರಿಂದ ಚೆನ್ನಮಲ್ಲಪ್ಪನ ಬಾಯಲ್ಲಿ ಅವನು ಗೋಪಾಲೇಟ್ಟ. ಭಾನುವಾರ ಮಧ್ಯಾಹ್ನ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ. ವಾರದ ಉಳಿದ ಆರು ದಿನ ಚೆನ್ನಮಲ್ಲಪ್ಪ ಬದುಕುವುದೇ ಆ ಭಾನುವಾರಕ್ಕೆ.

ಮೂರನೇ ವರ್ಷದ ಪಂದ್ಯದಲ್ಲಿ ಗೋಪಾಲನ್ ಹಂಚಿದ ಕಾರ್ಡಿನಲ್ಲಿ ಚೆನ್ನಮಲ್ಲಪ್ಪನಿಗೆ ನಾಲ್ಕು ಏಳು ಬಂದಿದ್ದವು. ಏಳಕ್ಕಿಂತ ಕೆಲಸಕ್ಕೆ ಬಾರದ ಕಾರ್ಡು ಆ ಆಟದಲ್ಲಿ ಇಲ್ಲ. ಸೋತು ಎದ್ದಾಗ ಅವನು, "ಏನ್ ಕೈಗುಣ ಗೋಪಾಲೇಟ್ಟಾ ನಿಮ್ದು! ಮುಟ್ಟಿದ್ದೆಲ್ಲ ಮಣ್ಣು!" ಎಂದು ನಗೆಯಾಡಿದ. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಸೋತಾಗೆಲ್ಲ ಅದೇ ಮಾತು. ಯಾರ ಕರೆಂಟು ಹೋದರೂ, ಯಾರ ಬಸ್ಸು ತಪ್ಪಿದರೂ ಗೋಪಾಲನ ಕೈಗುಣ. ಗೋಪಾಲನೂ ನಗುತ್ತಿದ್ದ. ಆಮೇಲಾಮೇಲೆ ಕಾರ್ಡು ಹಂಚುವ ಸರದಿ ಬಂದಾಗ ಕೈಯನ್ನು ಪಂಚೆಗೆ ಒರೆಸಿಕೊಳ್ಳತೊಡಗಿದ. ಅದನ್ನು ಯಾರೂ ಗಮನಿಸಲಿಲ್ಲ.

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ ಗೋಪಾಲನ್ ಕಾರ್ಡು ಜೋಡಿಸಿಟ್ಟು, "ಚೆನ್ನಾ, ಈ ಓಣಂಗೆ ನೀನು ದಿನೇಶ್‌ಕುಮಾರ್ ಜೊತೆ ಸೇರ್ಕೊ. ನನ್ನ ಕೈ ನಿನಗೆ ಆಗಿ ಬರಲ್ಲ. ಭಾನುವಾರನೂ ಅವನ ಮೆಡಿಕಲ್ ಶಾಪಲ್ಲೇ ಆಡ್ಕೊಳ್ಳಿ" ಎಂದ. ಚೆನ್ನಮಲ್ಲಪ್ಪನಿಗೆ ನೆಲವೇ ಕುಸಿದ ಹಾಗಾಯಿತು. ದಿನೇಶ್‌ಕುಮಾರ್ ಆಟದಲ್ಲಿ ಚುರುಕು, ನಿಜ. ಆದರೆ ಅವನ ಎದುರು ಕೂತು ಆಡುವ ಭಾನುವಾರ ಯಾರಿಗೆ ಬೇಕು? ಗೋಗರೆದು, ಇದೊಂದು ವರ್ಷ ಎಂದು ಒಪ್ಪಿಸಿದ.

ಮನೆಗೆ ಬಂದು ಹೆಂಡತಿ ಅಮ್ಮಣಿಯ ಮುಂದೆ ಅದೃಷ್ಟವನ್ನು ಬಾಯಿಗೆ ಬಂದಂತೆ ಬೈದ. ಅಮ್ಮಣಿ ಬೀನ್ಸಿನ ನಾರು ಬಿಡಿಸುತ್ತಿದ್ದಳು. "ನೀವು ಮಳೇನ ಮೂವತ್ತು ವರ್ಷ ಅಳೆದ್ರಿ. ಈ ಅದೃಷ್ಟ ಅನ್ನೋದನ್ನೂ ಒಂದ್ಮೂರು ತಿಂಗ್ಳು ಅಳೀರಲ್ಲ" ಎಂದಳು, ತಲೆ ಎತ್ತದೆ.

ಅವನಿಗೆ ಹುರುಪು ಬಂತು. ತನ್ನ ದುರದೃಷ್ಟವನ್ನು ಅಂಕಿಅಂಶದ ಸಮೇತ ಸಾಬೀತು ಮಾಡುವ ಹುರುಪು! ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದ. ತನಗೂ ಗೋಪಾಲನಿಗೂ ಬಂದ ಗುಲಾಮ ಎಷ್ಟು, ಯಾರು ಎಷ್ಟು ಕೂಗಿದರು, ಗೆದ್ದದ್ದೋ ಸೋತದ್ದೋ, ಎಲ್ಲ ಬರೆದ. ಹದಿಮೂರು ಭಾನುವಾರ, ನೂರೈವತ್ತು ಆಟ.

ಕೂಡಿದ್ದು ಅಮ್ಮಣಿ. ನೂರೈವತ್ತು ಆಟಕ್ಕೆ ಅವರ ಪಾಲಿಗೆ ಮುನ್ನೂರು ಗುಲಾಮ ಬಂದರೆ ನ್ಯಾಯ. ಇನ್ನೂರ ತೊಂಬತ್ತೇಳು ಬಂದಿದ್ದವು. ಗೋಪಾಲನ್ ಹಂಚಿದಾಗಲೂ ಅಷ್ಟೇ, ಬೇರೆಯವರು ಹಂಚಿದಾಗಲೂ ಅಷ್ಟೇ. ಅದೃಷ್ಟ ತಕ್ಕಡಿ ಹಿಡಿದು ಕೊಟ್ಟಿತ್ತು.

"ಮತ್ತೆ ಸೋಲೋದ್ಯಾಕೆ?" ಎಂದ ಚೆನ್ನಮಲ್ಲಪ್ಪ.

ಅಮ್ಮಣಿ ಬೆರಳಿಟ್ಟು ತೋರಿಸಿದಳು. "ಇಲ್ನೋಡಿ. ಒಂದಾಟ ಸೋತ್ರಿ, ಮುಂದಿಂದಕ್ಕೇ ಇಪ್ಪತ್ತು ಕೂಗಿದ್ದೀರಿ. ಕೈಲಿ ಹದಿನೈದಕ್ಕೂ ಗತಿ ಇಲ್ಲ. ಇಲ್ಲೂ ಹಂಗೇ. ಇಲ್ಲೂ. ಹೋದದ್ದನ್ನ ಒಂದೇ ಏಟಿಗೆ ವಾಪಸ್ ತರೋ ಆತುರ ನಿಮ್ಗೆ. ಪಾಪ, ಆ ಗೋಪಾಲಣ್ಣ ಒಂದು ಸಲಾನೂ ತಪ್ಪು ಕೂಗಿಲ್ಲ."

ಚೆನ್ನಮಲ್ಲಪ್ಪ ನೋಟ್‌ಬುಕ್ಕನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿದ. ನಾಚಿಕೆಯಿಂದ ಕಿವಿ ಕೆಂಪಾಯಿತು. ಇದನ್ನು ಗೋಪಾಲೇಟ್ಟನಿಗೆ ಹೇಳಲೇಬೇಕಿತ್ತು. ಹೇಳಲಿಲ್ಲ. ಮೊದಲು ಗೆದ್ದು ತೋರಿಸೋಣ, ಗೆದ್ದ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡ. ಗಂಡಸರ ಲೆಕ್ಕಾಚಾರ.

ಪಂದ್ಯದ ದಿನ ಮೊದಲೆರಡು ಆಟ ಹೋದವು. ಮೂರನೆಯದಕ್ಕೆ ಚೆನ್ನಮಲ್ಲಪ್ಪನ ಕೈಗೆ ಒಬ್ಬ ಗುಲಾಮ, ಒಂದು ಒಂಬತ್ತು ಬಂತು. ಇಪ್ಪತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಹೋದ ಎರಡು ಆಟಕ್ಕೂ ಈ ಕಾರ್ಡಿಗೂ ಏನು ಸಂಬಂಧ ಎಂದು ತನ್ನನ್ನೇ ಕೇಳಿಕೊಂಡು, "ಪಾಸ್" ಎಂದ. ಗೋಪಾಲನ್ ಕನ್ನಡಕದ ಮೇಲಿನಿಂದ ಅವನನ್ನೇ ನೋಡಿದ. ಎದುರಾಳಿಗಳು ಹದಿನೇಳು ಕೂಗಿ ಮುಗ್ಗರಿಸಿದರು. ಅಲ್ಲಿಂದ ಮುಂದೆ ಬಂದ ಕಾರ್ಡಿಗೆ ತಕ್ಕಷ್ಟೇ ಕೂಗಿದ. ಒಂದೆರಡು ಆಟ ಹೋದವು, ಹೋಗಲಿ ಎಂದು ಬಿಟ್ಟ. ಹತ್ತನೇ ಆಟಕ್ಕೆ ಆರು ನಾಲ್ಕರಲ್ಲಿ ಗೆದ್ದುಬಿಟ್ಟರು. ಹನ್ನೆರಡು ವರ್ಷ ನೋಡಿದ್ದ ಜನ ಕುರ್ಚಿ ತಟ್ಟಿ ಕೇಕೆ ಹಾಕಿದರು.

ಎರಡನೇ ಸುತ್ತು ಮೂರು ಗಂಟೆಗೆ. ಇಬ್ಬರೂ ಹೊರಗೆ ಚಹಾ ಕುಡಿಯುತ್ತ ನಿಂತರು. ಗೋಪಾಲನ ಮುಖದಲ್ಲಿ ಗೆದ್ದ ಕಳೆಯೇ ಇಲ್ಲ.

"ಚೆನ್ನಾ, ನಾನು ಇಲ್ಲಿಗೇ ಸಾಕು ಮಾಡ್ತೀನಿ. ಇವತ್ತು ಹೇಗೋ ತಪ್ಪಿ ಗೆದ್ದಿದ್ದೀವಿ. ಇನ್ನೊಂದು ಸಲ ಹಂಚಿದ್ರೆ ನಿನ್ನ ಗೊನೆನೂ ಹೋಗ್ತದೆ. ದಿನೇಶನ್ನ ಕೂರಿಸ್ಕೊಳ್ಳೋಕೆ ಸೆಕ್ರೆಟರಿ ಹತ್ರ ಕೇಳ್ತೀನಿ."

ಚೆನ್ನಮಲ್ಲಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಕೈಗೆ ಕೊಟ್ಟ. "ಗೋಪಾಲೇಟ್ಟಾ, ಬಯ್ಯೋದಾದ್ರೆ ಪೂರ್ತಿ ಓದಿ ಬಯ್ಯಿರಿ. ನಿಮ್ಮ ಕೈಲಿ ಏನೂ ಇಲ್ಲ. ಸೋಲಿಸಿದ್ದು ನಾನು, ನನ್ನ ಆತುರ. ಅಮ್ಮಣಿ ಲೆಕ್ಕ ಹಾಕಿದ್ದಾಳೆ. ನಂಗೆ ಹೋದ ತಿಂಗಳೇ ಗೊತ್ತಾಯ್ತು, ಹೇಳೋಕೆ ನಾಚ್ಕೆ ಆಯ್ತು."

ಗೋಪಾಲನ್ ಅಳತೆ ನೋಡುವವನ ಹಾಗೆ ಪುಟಪುಟಕ್ಕೂ ಬೆರಳಾಡಿಸಿ ಓದಿದ. ಚಹಾ ಆರಿಹೋಯಿತು. ಬೈಗುಳಕ್ಕೆ ಚೆನ್ನಮಲ್ಲಪ್ಪ ತಲೆತಗ್ಗಿಸಿ ಕಾದ.

"ಬತ್ತೇರಿಯಲ್ಲಿ ಮೋಳು ಹೆತ್ತು ನಲವತ್ತು ದಿನ ಆಯ್ತು" ಎಂದ ಗೋಪಾಲನ್. "ಹೆಣ್ಣು ಮಗು. ಎರಡು ಸಲ ಹೋಗಿ ಬಂದೆ. ಸೊಂಟಕ್ಕೆ ನೂಲು ಕಟ್ಟೋ ದಿನ ಎತ್ತಿಕೊಳ್ಳಪ್ಪಾ ಅಂತ ಮೋಳು ಕೊಡೋಕೆ ಬಂದಳು. ಕೆಮ್ಮು ಅಂದು ಹೊರಗೆ ಹೋಗಿ ನಿಂತ್ಕೊಂಡೆ. ಈ ಕೈ ಅದಕ್ಕೆ ತಾಗೋದು ಬೇಡ ಅಂತ."

ನಗೆಗೆಂದು ಆಡಿದ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟಿತ್ತು! ಚೆನ್ನಮಲ್ಲಪ್ಪ ನೋಟ್‌ಬುಕ್ಕನ್ನು ಕಿತ್ತುಕೊಂಡು, ಗೋಪಾಲನ ತೋಳು ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ಎಳೆದ.

"ಎಲ್ಲಿಗೋ? ಮೂರು ಗಂಟೆಗೆ ಆಟ!"

"ಎರಡೂಕಾಲಕ್ಕೆ ಬತ್ತೇರಿ ಬಸ್ಸಿದೆ. ನಡೀರಿ ಮೊದ್ಲು."

ಮೂರು ಗಂಟೆಗೆ ಮೈಕಿನಲ್ಲಿ ಇಬ್ಬರ ಹೆಸರೂ ಕೂಗಿದರು. ಚೆನ್ನಮಲ್ಲಪ್ಪ ಒಬ್ಬನೇ ಮುಂದೆ ಬಂದ. ಸೆಕ್ರೆಟರಿ ರಂಗನಾಥನ್ ಮೈಕನ್ನು ಬಾಯಿಯಿಂದ ತೆಗೆಯದೆಯೇ, "ಎಲ್ಲಿ ನಿಮ್ಮ ಪಾರ್ಟ್‌ನರ್?" ಎಂದ.

"ಊರಿಗೆ ಹೋದ್ರು."

"ಗೆದ್ದ ಮೇಲೆ ಊರಿಗಾ? ಅವರಿಲ್ಲದಿದ್ರೆ ನೀವು ಔಟ್, ರೂಲ್ಸ್ ಗೊತ್ತಲ್ಲ? ಬೇಕಿದ್ರೆ ದಿನೇಶ್‌ಕುಮಾರ್ ಕೂತ್ಕೊಳ್ಳಲಿ."

"ಬೇಡ ಸಾರ್. ನಮ್ಮ ಹೆಸರು ಹೊಡೆದುಹಾಕಿ."

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಗೆದ್ದ ಆಟಾನೂ ಹೋಯ್ತು ನೋಡ್ರಪ್ಪಾ, ಗೋಪಾಲನ ಕೈಗುಣ!" ಹಾಲ್ ತುಂಬ ನಗು ಎದ್ದಿತು.

ಮೈಕೆಂದರೆ ಮಾರುದೂರ ಓಡುವ ಚೆನ್ನಮಲ್ಲಪ್ಪ ರಂಗನಾಥನ ಕೈಯಿಂದ ಅದನ್ನು ಇಸಿದುಕೊಂಡ.

"ಆ ಮಾತು ಹುಟ್ಟಿಸಿದ್ದು ನಾನು" ಎಂದ. "ಹನ್ನೆರಡು ವರ್ಷ ಸೋಲಿಸಿದ್ದೂ ನಾನೇ. ಗೋಪಾಲೇಟ್ಟನ ಕೈ ಚೆನ್ನಾಗಿದೆ. ಈಗ ಮೊಮ್ಮಗಳನ್ನ ಎತ್ತಿಕೊಳ್ಳೋಕೆ ಹೋಗಿದ್ದಾರೆ. ನಲವತ್ತು ದಿನ ತಡ ಆಗಿದೆ, ಅದೂ ನನ್ನಿಂದಲೇ."